ಮಾವನ ಮಾತು ಹಿಡಿದ ದಿನ

ಕುದಿಯುವ ಎಸರಿಗೆ ರಾಗಿಹಿಟ್ಟು ಸುರಿದು, ಪಾತ್ರೆ ಕೆಳಗಿಳಿಸಿ, ಎರಡು ಪಾದದ ನಡುವೆ ಅಮುಕಿಕೊಂಡು ಮಲ್ಲಿಕಾರ್ಜುನಸ್ವಾಮಿ ಕೋಲು ತಿರುವುತ್ತಿದ್ದ. ಕೋಲಿನ ಜೊತೆ ಪಾತ್ರೆಯೂ, ಪಾತ್ರೆಯ ಜೊತೆ ಅವನೂ ತಿರುಗುತ್ತಿದ್ದರೇ ಹೊರತು ಗಂಟು ಮಾತ್ರ ಒಡೆಯುತ್ತಿರಲಿಲ್ಲ.

ಪಕ್ಕದ ಮನೆಯ ಚನ್ನಾಜಮ್ಮ ಕಿಟಕಿಯಲ್ಲಿ ಮುಖ ಇಟ್ಟು, "ಏನ್ ಮಗಾ, ಮುದ್ದೆಯಾ, ಗುಂಡ್ಕಲ್ಲಾ?" ಅಂದಳು.

ಸ್ವಾಮಿಯ ಕಷ್ಟ ಶುರುವಾಗಿದ್ದೇ ಮುದ್ದೆಯಿಂದ. ಮೂರು ತಿಂಗಳ ಕೆಳಗೆ ಮಾವ ಶಿವಮಲ್ಲಪ್ಪನವರು ಹನೂರಿನಿಂದ ಕೊಳ್ಳೇಗಾಲಕ್ಕೆ ಬಂದಿದ್ದಾಗ, ಊಟಕ್ಕೆ ಕೂತವನು ಸುಮ್ಮನೆ ಉಣ್ಣಬಾರದಿತ್ತೆ? ಹೆಂಡತಿ ದಿವ್ಯ ಬಡಿಸಿದ ಮುದ್ದೆಯನ್ನು ಒತ್ತಿ ನೋಡಿ, "ಇದನ್ನ ಹನೂರು ಬಸ್ಸಿನ ಚಕ್ರಕ್ಕೆ ಅಡ್ಡ ಇಡಬೌದು" ಅಂದುಬಿಟ್ಟ. ದಿವ್ಯ ಕೈ ತೊಳೆದು, ಅಪ್ಪನ ಜೊತೆ ಅದೇ ಹನೂರು ಬಸ್ಸು ಹತ್ತಿದಳು. ಚಕ್ರಕ್ಕೆ ಯಾವ ಮುದ್ದೆಯೂ ಅಡ್ಡ ಬರಲಿಲ್ಲ.

ತಪ್ಪಾಯಿತೆಂದು ಕೈಯಾರೆ ಕಾಗದ ಬರೆದು ಕಳಿಸಿದರೆ ಮಾತ್ರ ಬರುವೆನೆಂಬುದು ಅವಳ ಹಟ. ಕಾಗದ ಬರೆದಾಗಿತ್ತು, ಸ್ಟ್ಯಾಂಪೂ ಅಂಟಿಸಿಯಾಗಿತ್ತು. ಆದರೆ ಮಾವ ಅದನ್ನು ಜಗಲಿ ಮೇಲೆ ಕೂತು ಊರಿಗೆಲ್ಲ ಓದಿ ಹೇಳುತ್ತಾರೆಂದು ಹೆದರಿ, ಮಾದಪ್ಪನ ಪಟದ ಹಿಂದೆ ಸಿಕ್ಕಿಸಿಟ್ಟಿದ್ದ. ಮಾವನೂ ಕಮ್ಮಿಯಲ್ಲ. ಕಂಪ್ಯೂಟರಿನಲ್ಲಿ ಇಂಟರ್ನೆಟ್ ಕರೆ ಮಾಡಿದಾಗಲೆಲ್ಲ "ಬರೋ ಸ್ವಾಮಾರ ಕಳುಸ್ತೀನಿ ಅಳಿಯಂದ್ರೇ" ಅನ್ನುವರು. ಸೋಮವಾರ ಕೇಳಿದರೆ, "ನಾನಂದ್ನಾ? ಯಾವಾಗಂದೆ?"

"ಇವತ್ತು ಮಾವನ ಮಾತು ಹಿಡಿದೇ ಹಿಡೀತೀನಿ!" ಎಂದು ಸ್ವಾಮಿ ಕೋಲನ್ನು ನೆಲಕ್ಕೆ ಕುಟ್ಟಿದ. ಮುರಿದದ್ದು ಕೋಲು.

ಜೆರಾಕ್ಸ್ ಅಂಗಡಿಯ ನಟರಾಜು ಬಂದು ಕಂಪ್ಯೂಟರಿಗೆ ಏನನ್ನೋ ಇಳಿಸಿದ. "ಮಾತಾಡಿದ್ದೆಲ್ಲ ರೆಕಾರ್ಡ್ ಆಯ್ತದೆ ಕನಣ್ಣ. ಪುಕ್ಸಟ್ಟೆ!"

"ಪುಕ್ಸಟ್ಟೆ ಬಂದದ್ದು ಪೂರ್ತಿ ಬರಾಕಿಲ್ಲ" ಎಂದಳು, ಅಷ್ಟರಲ್ಲಿ ಒಳಗೇ ಬಂದು ಕೂತಿದ್ದ ಚನ್ನಾಜಮ್ಮ.

"ಪರೀಕ್ಷೆ ಮಾಡಾನ, ಏನಾರ ಮಾತಾಡವ್ವ."

"ಏನ್ ಮಾತಾಡ್ಲಿ? ಎದುರುಮನೆ ಪುಟ್ಟಸಿದ್ದಯ್ಯ ದಿನಾ ನಮ್ಮ ದಾಸವಾಳ ಕಿತ್ಕಂಡೋಯ್ತನೆ, ಕಳ್ಳ."

ಪುಟ್ಟಸಿದ್ದಯ್ಯ ಇಲ್ಲೇನು ಗುಂಪೆಂದು ಹೊಸಲು ದಾಟುವುದಕ್ಕೂ, ಕಂಪ್ಯೂಟರು ಆ ಮಾತನ್ನು ಕೇರಿಗೆಲ್ಲ ಕೇಳುವಂತೆ ಒದರುವುದಕ್ಕೂ ಸರಿಹೋಯಿತು.

"ಪೂಜೆ ಹೂವ ಕಿತ್ರೆ ಕಳ್ಳನೇನಮ್ಮಿ?"

"ಪೂಜೆ ನಿಂದು, ಗಿಡ ನಂದು! ಪುಣ್ಯ ಯಾರ್ಗೆ?"

ಮೊದಲು ಎದ್ದವರು ಸೋತಂತೆ ಎಂದು ಇಬ್ಬರೂ ಮನೆಗೆ ಹೋಗಲಿಲ್ಲ. "ಇಬ್ರೂ ಸಾಕ್ಷಿಗಿರಿ" ಎಂದು ಸ್ವಾಮಿ ಅವರನ್ನು ಜಗಲಿಗೆ ಅಟ್ಟಿದ. ಅವರ ಗಲಾಟೆಯಲ್ಲಿ ಮಾವನ ಮಾತು ಕೇಳದೆಂದು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ.

ಬೀಗರ ಮರ್ಯಾದೆ ಅವನಿಗೆ ಗೊತ್ತಿತ್ತು. ಒಬ್ಬ ನಂದೇ ತಪ್ಪು ಅಂದರೆ ಇನ್ನೊಬ್ಬ ಅಲ್ಲ, ನಮ್ದೇ ಅನ್ನಲೇಬೇಕು. ರೆಕಾರ್ಡಿಗೆ ಹಾಕಿ, ಮಾವನಿಗೆ ಕರೆ ಮಾಡಿ, ಗಾಳಕ್ಕೆ ಎರೆಹುಳು ಸಿಕ್ಕಿಸಿದ.

"ಮಾವ, ನಂದೇ ತಪ್ಪು."

ಇವತ್ತು ಮಾವನ ದನಿಯೂ ಯಾಕೋ ಬೆಲ್ಲದ ಪಾಕವಾಗಿತ್ತು. "ಜೋರಾಗನ್ನಿ ಅಳಿಯಂದ್ರೇ, ಏನಂದ್ರಿ?"

"ನಂದೇ ತಪ್ಪು ಮಾವಾ!"

"ಬುಡ್ತು ಅನ್ನಿ! ತಪ್ಪು ನಮ್ಮುಡ್ಗೀದೆ. ಮುದ್ದೆ ಗಂಟಾಗಿದ್ದು ದಿಟ."

"ಎಲ್ಲಾದ್ರೂ ಉಂಟಾ? ದಿವ್ಯನ ಮುದ್ದೆ ಬೆಣ್ಣೆ. ನನ್ನ ನಾಲಿಗೇನೇ ಸರಿ ಇಲ್ಲ."

"ಅಂಗನ್ಬ್ಯಾಡಿ. ಇವತ್ತೇ ಕಳುಸ್ದೆ ಅಂತ್ಲೇ ತಿಳ್ಕಳಿ!"

"ದೊಡ್ಡ ಮನ್ಸು ಮಾವ ನಿಮ್ದು."

ಸಿಕ್ಕಿಬಿತ್ತು ಮೀನು! ಸ್ವಾಮಿ ಎಲ್ಲರನ್ನೂ ಒಳಗೆ ಕರೆದು, ಮೀಸೆ ತಿರುವಿ, ಗುಂಡಿ ಒತ್ತಿದ.

"ಮಾವ, ನಂದೇ ತಪ್ಪು." ಮೌನ. "ನಂದೇ ತಪ್ಪು ಮಾವಾ!" ಮೌನ. ಹಿತ್ತಿಲಲ್ಲಿ ಕಾಗೆ ಕೂಗಿತು. "ನನ್ನ ನಾಲಿಗೇನೇ ಸರಿ ಇಲ್ಲ." ಮತ್ತೆ ಕಾಗೆ.

"ಎಲ್ಲಾ ಒಪ್ಕಂಬುಟ್ಟವ್ನೆ" ಎಂದ ಪುಟ್ಟಸಿದ್ದಯ್ಯ.

"ಆ ಮಾವ ಒಂದ್ ಮಾತ್ನೂ ಆಡ್ದೆ ಕೇಳುಸ್ಕಂಡವ್ರಲ್ಲ, ಶಿವನಂತ ಮನ್ಸ!" ಎಂದಳು ಚನ್ನಾಜಮ್ಮ. ಬೆಳಗಿನಿಂದ ಇಬ್ಬರೂ ಒಪ್ಪಿದ್ದು ಇದೊಂದೇ.

"ಅಲ್ಲ, ಮಾವ ಅಂದ್ರು... ಇವತ್ತೇ ಕಳುಸ್ತೀನಂದ್ರು!"

"ಎಷ್ಟು ಸಲ ಅಂದವ್ರೆ?" ಎಂದಳು ಚನ್ನಾಜಮ್ಮ.

ನಟರಾಜು ತಲೆ ಕೆರೆದ. "ಕಿವಿಗೆ ಅದನ್ಯಾಕೆ ಸಿಕ್ಕುಸ್ಕಂಡೆ ಅಣ್ಣ? ಮಾವನ ಮಾತು ನಿನ್ನ ಕಿವಿಗೋಯ್ತು, ಮೈಕಿಗೆ ಬರ್ನಿಲ್ಲ."

ಚನ್ನಾಜಮ್ಮ ನೆಟ್ಟಗೆ ಮಾದಪ್ಪನ ಪಟದ ಹಿಂದೆ ಕೈ ಹಾಕಿದಳು. ಕಿಟಕಿಯಿಂದ ಎಂದೋ ನೋಡಿಟ್ಟಿದ್ದಳು. "ಬಾಯಲ್ಲಿ ಒಪ್ಪಿದ್ದಾಯ್ತು, ಕಾಗ್ದ ಯಾಕೆ ಕೊಳೀಬೇಕು? ನಡಿ ಮಗಾ."

ಸಂಜೆ, ಹರಕೆಯ ಟಗರಿನಂತೆ ಅವನನ್ನು ನಡುವೆ ಹಾಕಿಕೊಂಡು ಬಸ್ ಸ್ಟಾಪಿನ ಪಕ್ಕದ ಅಂಚೆ ಡಬ್ಬಿಗೆ ನಡೆಸಿದರು. ಸ್ವಾಮಿ ಕಾಗದವನ್ನು ಡಬ್ಬಿಯ ಬಾಯಿಗೆ ಅರ್ಧ ತೂರಿಸಿ, ಬಿಡಲಾರದೆ ಹಿಡಿದುಕೊಂಡು ನಿಂತ. ಅಷ್ಟರಲ್ಲಿ ಹನೂರು ಬಸ್ಸು ಬಂತು. ಬ್ಯಾಗು ಹಿಡಿದು ದಿವ್ಯ ಇಳಿದಳು!

"ರೀ, ಕೇಳಿದ್ರಾ? ನೀವು ತಪ್ಪು ಒಪ್ಕೊಳೋದ್ನ ರೆಕಾರ್ಡ್ ಮಾಡ್ತೀನಿ ಅಂತ ಅಪ್ಪ ಹೆಡ್‌ಫೋನ್ ಹಾಕ್ಕಂಡು ಕೂತಿದ್ರು. ಹಾಕಿ ನೋಡುದ್ರೆ ಬರೀ ಅಪ್ಪನ ದನಿ! 'ತಪ್ಪು ನಮ್ಮುಡ್ಗೀದೆ, ಇವತ್ತೇ ಕಳುಸ್ದೆ' ಅಂತ. ಆಡಿದ್ಮೇಲೆ ನಡುಸ್ಕೊಳ್ಳಿ ಅಂತ ಅವ್ವ ನನ್ನ ಬಸ್ ಹತ್ತಿಸ್ತು. ನೀವಿನ್ನ ಕಾಗ್ದ ಗೀಗ್ದ ಕಳ್ಸೋದೇನೂ ಬ್ಯಾಡ."

"ಮಾದಪ್ಪಾ!" ಎಂದು ಸ್ವಾಮಿ ಎರಡೂ ಕೈ ಮೇಲೆತ್ತಿ ಮುಗಿದ.

ಡಬ್ಬಿಯ ತಳದಲ್ಲಿ ಕಾಗದ ಟಪ್ಪೆಂದು ಬಿತ್ತು. ಹನೂರಿನ ಜಗಲಿಯಲ್ಲಿ ಮಾವ ಕೆಮ್ಮಿ ಗಂಟಲು ಸರಿಮಾಡಿಕೊಂಡದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು, ಈ ಸಲ ಹೆಡ್‌ಫೋನ್ ಇಲ್ಲದೆಯೇ.