ಹನ್ನೊಂದು ಕೆಜಿಯ ಪೆಟ್ಟಿಗೆ

ನೆಲದ ಮೇಲೆ ಬಿದ್ದಿದ್ದ ಒಂದು ಕೊತ್ತಂಬರಿ ಕಡ್ಡಿಯನ್ನು ಎತ್ತಿಕೊಳ್ಳಲು ಬಗ್ಗಿದ ಮಧುಕರ್ ಮೇಷ್ಟ್ರಿಗೆ ಮತ್ತೆ ನೆಟ್ಟಗಾಗಲು ಎರಡು ದಿನ ಬೇಕಾಯಿತು. ತಪ್ಪು ಕಡ್ಡಿಯದಲ್ಲ ಎಂಬುದು ಜೋಗುಪಾಳ್ಯದ ಆ ಬೀದಿಗೆಲ್ಲ ಗೊತ್ತಿತ್ತು. ವಾರವಿಡೀ ಮಕ್ಕಳಿಗೆ ಗಣಿತ ಹೇಳಿಕೊಡುವ ಮೇಷ್ಟ್ರು ಭಾನುವಾರ ಬಂತೆಂದರೆ ಸೈಫ್‌ನ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದರು. ಅವರ ಪುಟ್ಟ ಆಂಪ್ಲಿಫೈಯರಿನ ದನಿ ಕಲ್ಯಾಣಮಂಟಪದ ಮೊದಲ ಎರಡು ಸಾಲು ದಾಟುತ್ತಿರಲಿಲ್ಲ. ಹಾಗಾಗಿ ಅದಕ್ಕೆ ಜೋಡಿಸಲು ಇನ್ನೊಂದು ಸ್ಪೀಕರ್ ಪೆಟ್ಟಿಗೆ. ಪೆಟ್ಟಿಗೆಯ ತೂಕ ಮೂವತ್ತೆಂಟು ಕೆಜಿ, ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ.

"ಹದಿನೈದು ಕೆಜಿ," ಎಂದು ಹೆಂಡತಿ ಯಮುನಾ ಬೆನ್ನಿಗೆ ಎಣ್ಣೆ ತಿಕ್ಕುತ್ತಲೇ ತೀರ್ಪು ಕೊಟ್ಟಿದ್ದಳು. "ಅದಕ್ಕಿಂತ ಭಾರ ಇರೋ ಬಾಕ್ಸ್ ಈ ಮೆಟ್ಲು ಹತ್ತಿದ್ರೆ ಗಿಟಾರ್ ಮಾರ್ಬಿಡ್ತೀನಿ. ಸುಮ್ನೆ ಹೇಳ್ತಿಲ್ಲ ರೀ."

ಯಮುನಾ ಯಾವುದನ್ನೂ ಸುಮ್ಮನೆ ಹೇಳುವವಳಲ್ಲ. ಇಪ್ಪತ್ತೆರಡು ವರ್ಷದಿಂದ ಜೊತೆಗಿದ್ದ ಗಿಟಾರ್ ಇಲ್ಲದ ಒಂದು ಭಾನುವಾರವನ್ನು ನೆನೆಸಿಕೊಂಡು ಮೇಷ್ಟ್ರಿಗೆ ಬೆನ್ನಿಗಿಂತ ಹೆಚ್ಚಾಗಿ ಎದೆ ನೋಯಿತು. ಆ ಭಾನುವಾರ ಮಧ್ಯಾಹ್ನ ಪಕ್ಕದ ಬೀದಿಯಲ್ಲೇ ಮದುವೆ ಕಾರ್ಯಕ್ರಮವಿತ್ತು. ಅಷ್ಟರೊಳಗೆ ಹಗುರವಾದ ಪೆಟ್ಟಿಗೆ ಕೊಳ್ಳಲೇಬೇಕೆಂದು ಅವರು ಅಂದು ಬೆಳಿಗ್ಗೆಯೇ ಹೊರಟರು.

ಹೊರಟದ್ದು ಒಬ್ಬರೇ. ಗೇಟಿನಲ್ಲಿ ಇಬ್ಬರಾದರು. ಕೆಳಮನೆಯಲ್ಲಿದ್ದ ಮಾಲೀಕ ದೊಡ್ಡಮುನಿಯಪ್ಪ, ಇಂದಿರಾನಗರ ಇನ್ನೂ ರಾಗಿ ಹೊಲವಾಗಿದ್ದಾಗ ಅಲ್ಲಿ ನೇಗಿಲು ಹಿಡಿದವರು. ಹೊಲ ಹೋಗಿ ಬಾಡಿಗೆ ಬರತೊಡಗಿದ ಮೇಲೆ ಎತ್ತು ಕೊಳ್ಳುವ ಸುಖ ತಪ್ಪಿಹೋಗಿ, ಬೀದಿಯಲ್ಲಿ ಯಾರು ಏನು ಕೊಂಡರೂ ಆರಿಸಲು ತಾವೂ ಹೋಗುತ್ತಿದ್ದರು. ಹಳೆಯ ಪೆಟ್ಟಿಗೆಯನ್ನು ತಮ್ಮ ಅಣ್ಣನ ಇಬ್ಬರು ಮಕ್ಕಳ ಕೈಲಿ ಗೂಡ್ಸ್ ಆಟೋಗೆ ಹೇರಿಸಿ, "ನಡೀರಿ ಮೇಷ್ಟ್ರೇ. ನಿಮಗೆ ಯಾಪಾರ ಗೊತ್ತಾಗಲ್ಲ," ಎಂದು ತಾವೂ ಹತ್ತಿ ಕೂತರು.

ರಿಚರ್ಡ್ಸ್ ಟೌನಿನಲ್ಲಿ ಅಂಗಡಿ ಇಟ್ಟಿದ್ದ ಸಾಮಿಯಾ ಮೂರು ಪೆಟ್ಟಿಗೆ ತೋರಿಸಿದಳು. ಮೊದಲನೆಯದು ಇಪ್ಪತ್ತು ಕೆಜಿ. ಎರಡನೆಯದು ಹದಿನಾರು, ಅದರ ದನಿ ಕೇಳಿ ಮೇಷ್ಟ್ರಿಗೆ ಕಣ್ಣು ಮುಚ್ಚುವ ಹಾಗಾಯಿತು, ಆದರೆ ಮುಚ್ಚಿದ ಕಣ್ಣೊಳಗೆ ಯಮುನಾ ಕಂಡಳು.

"ಇದು ನೋಡಿ ಸರ್, ಹನ್ನೊಂದೇ ಕೆಜಿ," ಎಂದಳು ಸಾಮಿಯಾ ಮೂರನೆಯದನ್ನು ಒಂದೇ ಕೈಯಲ್ಲಿ ಎತ್ತಿ. "ಒಳಗಿರೋ ಮ್ಯಾಗ್ನೆಟ್ಟೇ ಬೇರೆ ಥರದ್ದು. ನಿಮ್ಮ ಆಂಪ್‌ಗೆ ಕರೆಕ್ಟಾಗಿ ಸೆಟ್ ಆಗುತ್ತೆ."

ದೊಡ್ಡಮುನಿಯಪ್ಪ ಪೆಟ್ಟಿಗೆಗೆ ಒಂದು ಸುತ್ತು ಬಂದರು. ಬೆನ್ನು ತಟ್ಟಿದರು. ಮುಂದಿನ ತೂತಿನೊಳಗೆ ಮೊಣಕೈತನಕ ಕೈ ಹಾಕಿ, ಎತ್ತಿನ ಹಲ್ಲು ನೋಡುವವರ ಹಾಗೆ ತಡಕಿದರು. ಹಿಂದೆ ಬರೆದಿದ್ದ ತೂಕವನ್ನು ನಂಬದೆ ಪಕ್ಕದ ಹಳೇ ಪೇಪರ್ ಅಂಗಡಿಯ ವಾಜಿದ್‌ನ ತಕ್ಕಡಿಗೂ ಏರಿಸಿದರು.

"ಹನ್ನೊಂದು," ಎಂದ ವಾಜಿದ್. "ಪೇಪರ್ ಆಗಿದ್ರೆ ಒಂಬತ್ತೂವರೆ ಅಂತಿದ್ದೆ."

"ತೂಕ ಸರಿ. ಆದ್ರೆ ಇದು ಕಾಲೂರಿ ನಿಲ್ಲೋ ಜಾತಿ ಅಲ್ಲ ಮೇಷ್ಟ್ರೇ," ಎಂದರು ದೊಡ್ಡಮುನಿಯಪ್ಪ. "ನನ್ ಮಾತ್ ಕೇಳಿ, ಬ್ಯಾಡ."

"ಇದು ನಿಲ್ಲೋದಕ್ಕಲ್ಲ ಯಜಮಾನ್ರೇ, ನುಡಿಯೋದಕ್ಕೆ," ಎಂದು ಮೇಷ್ಟ್ರು ನಕ್ಕು, ಹಳೆಯದನ್ನು ಅಲ್ಲಿಯೇ ಕೊಟ್ಟು ಹೊಸದನ್ನು ಕೊಂಡರು. ಮಂಟಪದ ಮುಂದೆ ಆಟೋದಿಂದ ಇಳಿದಾಗ ಅದನ್ನು ಎರಡು ಬೆರಳಲ್ಲಿ ಹಿಡಿದು, ಬೇಕಾಗಿದ್ದಕ್ಕಿಂತ ಸ್ವಲ್ಪ ನಿಧಾನವಾಗಿಯೇ ಒಳಗೆ ನಡೆದರು. ಎಷ್ಟೋ ವರ್ಷದ ಮೇಲೆ ಬೆನ್ನು ನೆಟ್ಟಗಿತ್ತು, ಮನಸ್ಸು ಅದಕ್ಕಿಂತ ನೆಟ್ಟಗಿತ್ತು.

ಎರಡು ಹಾಡು ಚೆನ್ನಾಗಿಯೇ ಆಯಿತು. ಮೂರನೆಯದು ಕುಣಿಯುವ ಹಾಡು. ಮೇಷ್ಟ್ರು ದಪ್ಪ ತಂತಿಗೆ ಕೈ ಹಾಕಿದ್ದೇ ತಡ, ಪಾಲಿಶ್ ಮಾಡಿದ ಗ್ರಾನೈಟಿನ ವೇದಿಕೆ ಮೇಲೆ ಪೆಟ್ಟಿಗೆ ಒಂದು ಸಲ ಅಲುಗಿತು, ಇನ್ನೊಂದು ಸಲ ಅಲುಗಿತು, ಆಮೇಲೆ ಮುಯ್ಯಿ ಕೊಡಲು ಬಂದ ನೆಂಟನ ಹಾಗೆ ಗಂಡುಹೆಣ್ಣು ಕೂತಿದ್ದ ಸೋಫಾದ ಕಡೆಗೆ ಹೊರಟಿತು. ಗಾಬರಿಯಾದ ಮದುಮಗ ಎರಡೂ ಕಾಲನ್ನು ಮೇಲೆತ್ತಿಕೊಂಡ. ವೈರ್ ಕಿತ್ತು ಬಂತು. ಮೈಕಿನಲ್ಲಿ ಸೈಫ್ ಒಬ್ಬನೇ ಕೂಗುತ್ತಿದ್ದ.

"ಮಧು ಭಾಯ್, ಏನ್ರೀ ಇದು, ಬಾಕ್ಸ್ ವಾಕಿಂಗ್ ಹೋಗ್ತಿದೆ!"

ವೈರ್ ಮತ್ತೆ ಸಿಕ್ಕಿಸಿ ಪೆಟ್ಟಿಗೆಯ ಕೆಳಗೆ ಟವೆಲ್ ಹಾಸಿದರು, ಟವೆಲ್ ಸಮೇತ ಹೊರಟಿತು. ಡ್ರಮ್ಸಿನ ಸುಗತ ಒಂದು ಕಾಲಲ್ಲಿ ಅದನ್ನು ಒತ್ತಿ ಹಿಡಿದ, ತಾಳ ತಪ್ಪಿತು. ಹೆಣ್ಣಿನ ಚಿಕ್ಕಪ್ಪ ಬಂದು, "ಆಗಲ್ಲ ಅಂದ್ರೆ ನಿಲ್ಸಿ, ಮೊಬೈಲಲ್ಲಿ ಹಾಡು ಹಾಕ್ಕೋತೀವಿ," ಎಂದಾಗ ಮೇಷ್ಟ್ರಿಗೆ ಅಳುವೇ ಬಂತು.

ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಬಂದ ದೊಡ್ಡಮುನಿಯಪ್ಪ, "ನಾ ಹೇಳಲಿಲ್ವಾ?" ಎಂದರು. ಆ ಮಾತು ಆಡಲಿಕ್ಕೆ ಬೆಳಗಿನಿಂದ ಕಾದಿದ್ದರು ಪಾಪ. ಆಡಿ ಮುಗಿದ ಮೇಲೆ ಅವರಿಗೂ ಮರುಕ ಹುಟ್ಟಿತು. ಅಣ್ಣನ ಮಕ್ಕಳನ್ನು ಮನೆಗೆ ಓಡಿಸಿ, ಸಂಪಿನ ಪಕ್ಕ ಬಿದ್ದಿದ್ದ ಚಟ್ನಿ ಅರೆಯುವ ಚಪ್ಪಟೆ ಕಲ್ಲನ್ನು ಆಟೋದಲ್ಲಿ ತರಿಸಿ ಪೆಟ್ಟಿಗೆಯ ಮೇಲೆ ಇಡಿಸಿದರು.

ಪೆಟ್ಟಿಗೆ ಅಲುಗಲಿಲ್ಲ. ಅಷ್ಟೇ ಅಲ್ಲ, ದನಿ ಎಷ್ಟು ಗಟ್ಟಿಯಾಯಿತೆಂದರೆ ಊಟದ ಮನೆಯಲ್ಲಿ ಎಲೆ ಮೇಲಿನ ಹಪ್ಪಳ ನಡುಗಿತು. ಜನ ಎದ್ದು ಕುಣಿದರು. ಮದುಮಗ ಕಾಲನ್ನು ಕೆಳಗಿಳಿಸಿದ.

"ಇನ್ಮೇಲೆ ಈ ಕಲ್ಲಿಲ್ದೆ ನಮ್ಮ ಪ್ರೋಗ್ರಾಮೇ ಇಲ್ಲ!" ಎಂದು ಸೈಫ್ ಮೈಕಿನಲ್ಲೇ ಸಾರಿದ. ದೊಡ್ಡಮುನಿಯಪ್ಪ ಅವನ ಕೈಯಿಂದ ಮೈಕ್ ಕಿತ್ತುಕೊಂಡರು.

"ನಮ್ಮವ್ವ ಅರೆದ ಕಲ್ಲಿದು. ಮೂವತ್ತು ಕೇಜಿ ಐತೆ. ನಮ್ಮ ಸೊಸೇರು ಮಿಕ್ಸಿ ಬಿಟ್ಟು ಇದನ್ನ ಮುಟ್ಟಲ್ಲ. ಮೇಷ್ಟ್ರಿಗೆ ಕೊಟ್ಬಿಟ್ಟೆ, ಮಡಿಕ್ಕಳ್ಳಿ. ಆದ್ರೆ ಒಂದ್ ಮಾತು. ಕಂಡೋರ ಕಾಲಿಗೆ ಸಿಗೋ ಹಂಗೆ ಕೆಳಗೆಲ್ಲೂ ಇಡಬ್ಯಾಡಿ, ಮನೆ ಒಳಗೇ ಇರ್ಬೇಕು."

ಚಪ್ಪಾಳೆಯೋ ಚಪ್ಪಾಳೆ. ಮನೆ ಮಾಲೀಕರು, ಅದರಲ್ಲೂ ಅವರ ತಾಯಿಯ ನೆನಪು. ಬೇಡ ಎನ್ನುವ ಬಾಯಿ ಯಾರಿಗಿದೆ? ಮೇಷ್ಟ್ರು ಕೈಮುಗಿದರು. ಕೈಮುಗಿದುಕೊಂಡೇ ಲೆಕ್ಕ ಹಾಕಿದರು: ಹನ್ನೊಂದು, ಮೂವತ್ತು, ನಲವತ್ತೊಂದು. ಹಳೆಯ ಪೆಟ್ಟಿಗೆಗಿಂತ ಮೂರು ಕೆಜಿ ಹೆಚ್ಚು.

ನಾಲ್ಕು ಗಂಟೆಗೆ ಆಟೋ ಅವರನ್ನೂ ಪೆಟ್ಟಿಗೆಯನ್ನೂ ಕಲ್ಲನ್ನೂ ಮೆಟ್ಟಿಲ ಬುಡದಲ್ಲಿ ಇಳಿಸಿ ಹೋಯಿತು. ಅಣ್ಣನ ಮಕ್ಕಳು ಮದುವೆಯೂಟದ ನಿದ್ದೆಗೆ ಬಿದ್ದಿದ್ದರು. ಆದರೂ ಮೇಷ್ಟ್ರು ಧೈರ್ಯಗೆಡಲಿಲ್ಲ. ಅವರಿಗೆ ಒಂದೇ ಒಂದು ದಾರಿ ಕಂಡಿತ್ತು. ಹದಿನೈದು ಕೆಜಿಯ ಕಾನೂನು ಮಾಡಿದವಳು ಯಮುನಾ. ಅವಳೇ ಬಂದು ಬೇಡ ಎಂದುಬಿಟ್ಟರೆ ಮಾಲೀಕರೂ ಸುಮ್ಮನಾಗುತ್ತಾರೆ, ಸೈಫ್ ಕೂಡ ಸುಮ್ಮನಾಗುತ್ತಾನೆ.

"ಯಮುನಾ, ಸ್ವಲ್ಪ ಕೆಳಗೆ ಬಾರೇ!" ಎಂದು ಕೂಗಿದರು.

ಯಮುನಾ ಇಳಿದು ಬಂದಳು. ಕಲ್ಲನ್ನು ಕಂಡಳು. ಕೂತು, ಸೆರಗಿನಿಂದ ಅದರ ಮೇಲಿನ ಅಕ್ಷತೆಯನ್ನು ಒರೆಸಿ, ಅಂಗೈಯಲ್ಲಿ ಸವರಿದಳು.

"ಮೂವತ್ತು ಕೆಜಿ," ಎಂದರು ಮೇಷ್ಟ್ರು, ಮುಖ ಸಪ್ಪಗೆ ಮಾಡಿಕೊಂಡು. "ಯಜಮಾನ್ರು ಕೊಟ್ರು. ನಾನು ಬೇಡ ಅಂತಲೇ ಇದ್ದೆ. ನೀನೇ ಹೇಳಿದ್ದೆಯಲ್ಲ, ಹದಿನೈದರ ಮೇಲೆ..."

"ಅದು ನಿಮ್ಮ ಬಾಕ್ಸಿಗೆ ಹೇಳಿದ್ದು ರೀ! ಇದು ಅಡುಗೆ ಸಾಮಾನು." ಅವಳ ಕಣ್ಣು ಮಿನುಗುತ್ತಿತ್ತು. "ಮದುವೆಯಾದಾಗಿಂದ ಒಂದು ಕಲ್ಲು ತನ್ನಿ ಅಂತ ಬಡ್ಕೋತಿದ್ದೀನಿ, ಇವತ್ತು ತಂದ್ರಿ. ಪ್ರೋಗ್ರಾಮಿಗೆ ಬೇಕಾದ್ರೆ ತಗೊಂಡ್ಹೋಗಿ, ನಾನು ಬೇಡ ಅನ್ನಲ್ಲ. ಆದ್ರೆ ರಾತ್ರಿ ಚಟ್ನಿ ಹೊತ್ತಿಗೆ ವಾಪಸ್ ಮೇಲಿರ್ಬೇಕು."

ಹಾಗೆಂದವಳೇ ಎದ್ದು ಹೊಸ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿಕೊಂಡಳು.

"ಅಯ್ಯೋ, ಎಷ್ಟು ಹಗುರ ಇದೆ! ಒಳ್ಳೇದೇ ಆರಿಸಿದ್ದೀರಿ," ಎಂದು ಮೆಚ್ಚಿಕೊಂಡು ಸರಸರನೆ ಮೆಟ್ಟಿಲು ಹತ್ತಿದಳು. ಮೊದಲ ತಿರುವಿನಿಂದ ಅವಳ ದನಿ ಕೇಳಿಸಿತು: "ಹುಷಾರು ರೀ, ಕಲ್ಲು ಎಲ್ಲಾದ್ರೂ ಬೀಳಿಸೀರಾ!"