ಒಂದೇ ಸೂರಿನಡಿಯ ಮಹಾಸಭೆ

ಜಪಾನಿನ ಕಾವಾಸಾಕಿಯ ಕನ್ನಡ ಬಳಗವು ಅರವತ್ತೊಂದು ಕುಟುಂಬಗಳನ್ನೂ ನಲವತ್ತು ಪುಟಗಳ ಸಂವಿಧಾನವನ್ನೂ ಹೊಂದಿರುವ ಪ್ರಜಾಸತ್ತಾತ್ಮಕ ಸಂಸ್ಥೆಯಾಗಿದೆ. ಒಂಬತ್ತನೇ ವಿಧಿಯಂತೆ ಚುನಾವಣೆಯನ್ನು 'ಒಂದೇ ಸೂರಿನಡಿ ಸೇರಿದ' ಮಹಾಸಭೆಯಲ್ಲೇ ನಡೆಸತಕ್ಕದ್ದು. ಹತ್ತನೇ ವಿಧಿಯಂತೆ, ಚುನಾವಣೆ ಆಗುವತನಕ ಹಳೆಯ ಅಧ್ಯಕ್ಷರೇ ಮುಂದುವರಿಯತಕ್ಕದ್ದು. 2020ರ ವಸಂತದಲ್ಲಿ ಕೊರೊನಾದಿಂದ ಸಭಾಂಗಣಗಳು ಮುಚ್ಚಿದಾಗ, ಏಳು ವರ್ಷಗಳಿಂದ ಅಧ್ಯಕ್ಷರಾಗಿದ್ದ ಉಮಾಶಂಕರ್ ಅವರು ಅತೀವ ವಿಷಾದದೊಂದಿಗೆ ಮುಂದುವರಿದರು.

ಅವರ ವಿರುದ್ಧ ನಾಮಪತ್ರ ಸಲ್ಲಿಸಿದ್ದ ಕೋಕಿಲಾಳಿಗೆ ಈ ವಿಷಾದ ಹಿಡಿಸಲಿಲ್ಲ. ಅವಳು ಎರಡು ತಿಂಗಳು ಫೋನ್ ಮಾಡಿ ಮಾಡಿ ಮೂವತ್ತೆಂಟು ಮನೆಗಳಿಂದ ಮಾತು ತೆಗೆದುಕೊಂಡಿದ್ದಳು. ಝೂಮ್‌ನಲ್ಲೇ ಮತದಾನ ನಡೆಸಿ ಎಂದು ಬಳಗದ ನ್ಯಾಯಮಂಡಳಿಗೆ ದೂರು ಕೊಟ್ಟಳು. ಮಂಡಳಿಯೆಂದರೆ ಫುಕುವೋಕಾದಲ್ಲಿ ಮಣ್ಣಿನ ಸಂಶೋಧನೆ ಮಾಡುವ ಜಯಪ್ರಕಾಶ. ಬಳಗದಲ್ಲಿ ಡಾಕ್ಟರೇಟ್ ಇದ್ದದ್ದು ಅವರೊಬ್ಬರಿಗೇ.

ವಿಚಾರಣೆ ಝೂಮ್‌ನಲ್ಲೇ ನಡೆಯಿತು. ಪರದೆಯ ಮೇಲೆ ಕಾಣುವುದು ಅರವತ್ತೊಂದು ಸೂರು, ಒಂದಲ್ಲ ಎಂದು ಉಮಾಶಂಕರ್ ವಾದಿಸಿದರು. ಜಯಪ್ರಕಾಶ ಎರಡು ವಾರ ಯೋಚಿಸಿ ಹನ್ನೊಂದು ಪುಟಗಳ ತೀರ್ಪು ಕೊಟ್ಟರು. ಝೂಮ್ ಸಲ್ಲದು. ಆದರೆ ಕೋರಂ ಇಲ್ಲದ ಸಭೆಯನ್ನು ಅರ್ಧ ಗಂಟೆ ಮುಂದೂಡಿದ ಮೇಲೆ ಹಾಜರಿದ್ದವರೇ ಕೋರಂ ಎಂದು ಹನ್ನೆರಡನೇ ವಿಧಿ ಹೇಳುತ್ತದೆ. ಆದಕಾರಣ ಯಾವುದೇ ಸದಸ್ಯರ ಮನೆಯಲ್ಲಿ, ಆ ಮನೆಯವರಷ್ಟೇ ಸೇರಿ ಮಹಾಸಭೆ ನಡೆಸಬಹುದು. ಮೊದಲು ನೋಟಿಸ್ ಕೊಟ್ಟವರ ಮನೆಯೇ ಮಾನ್ಯ.

ಕೋಕಿಲಾ ನಾಲ್ಕೇ ನಿಮಿಷದಲ್ಲಿ ನೋಟಿಸ್ ಕಳಿಸಿದಳು.

ಭಾನುವಾರ ಬೆಳಿಗ್ಗೆ ಅವಳ ನಾಲ್ಕನೇ ಮಹಡಿಯ ಮನೆಯಲ್ಲಿ ಮಹಾಸಭೆ ಸೇರಿತು: ಕೋಕಿಲಾ, ಗಂಡ ಮಧುಕರ್, ಏಳು ವರ್ಷದ ಮಗಳು ನಿಧಿ, ಮತ್ತು ಮೂರು ತಿಂಗಳಿಗೆಂದು ಮೈಸೂರಿನಿಂದ ಬಂದು ವಿಮಾನವಿಲ್ಲದೆ ಉಳಿದುಹೋಗಿದ್ದ ಅತ್ತೆ ಸರಸ್ವತಿ. ಕುಟುಂಬ ಸದಸ್ಯತ್ವಕ್ಕೆ ವಯಸ್ಸಿನ ಮಿತಿಯಿರಲಿಲ್ಲ. ಕೋರಂ ಇಲ್ಲವೆಂದು ಸಭೆಯನ್ನು ಮುಂದೂಡಿ, ಅರ್ಧ ಗಂಟೆ ಉಪ್ಪಿಟ್ಟು ತಿಂದು, ಮತ್ತೆ ಸೇರಿದರು. ಹಾಜರಿರುವ ಯಾರ ಹೆಸರನ್ನಾದರೂ ಸೂಚಿಸಬಹುದೆಂಬ ವಿಧಿಯನ್ನು ಮಧುಕರ್ ಓದಿ ಹೇಳಿದ. ನಿಧಿ ಅಜ್ಜಿಯ ಕಡೆ ಬೆರಳು ತೋರಿಸಿ, "ಒಬಾಚಾನ್," ಎಂದು ಜಪಾನಿಯಲ್ಲಿ ಅಜ್ಜಿಯನ್ನೇ ಸೂಚಿಸಿದಳು.

ಚೀಟಿ ಬಿಚ್ಚಿದಾಗ ಸರಸ್ವತಿಗೆ ಮೂರು, ಕೋಕಿಲಾಗೆ ಒಂದು, ಉಮಾಶಂಕರ್‌ಗೆ ಸೊನ್ನೆ.

ಕೋಕಿಲಾ ಚೀಟಿಗಳನ್ನು ಎರಡು ಸಲ ತಿರುವಿ ನೋಡಿದಳು. "ನೀವೂ ನಿಮಗೇ ಹಾಕ್ಕೊಂಡ್ರಾ ಅತ್ತೆ?"

"ರಹಸ್ಯ ಮತದಾನ ಅಂತ ನೀನೇ ಹೇಳಿದ್ಯಲ್ಲಮ್ಮ," ಎಂದರು ಸರಸ್ವತಿ.

ಮಧುಕರ್ ಅಷ್ಟರಲ್ಲಿ ಲೋಟ ತೊಳೆಯಲು ಹೋಗಿದ್ದ.

ಕೋಕಿಲಾ ಆ ದಿನವಿಡೀ ಸಂವಿಧಾನದ ನಲವತ್ತೂ ಪುಟಗಳನ್ನು ತಿರುವಿದಳು. ಮೇಲ್ಮನವಿ ಹಾಕೋಣವೆಂದರೆ, ನೋಟಿಸ್ ಅವಳದೇ, ಮನೆಯೂ ಅವಳದೇ. ಮಾತು ಕೊಟ್ಟಿದ್ದ ಮೂವತ್ತೆಂಟು ಮನೆಯವರೂ ಹೊಸ ಅಧ್ಯಕ್ಷೆಗೆ ಶುಭಾಶಯ ಕಳಿಸಿದರು. ಉಮಾಶಂಕರ್ ಗೌರವ ಸಲಹೆಗಾರರಾದರು.

ಮರುವರ್ಷದ ಶರತ್ಕಾಲದಲ್ಲಿ ಸಭಾಂಗಣಗಳು ತೆರೆದವು. ಆದರೆ ಪೂರ್ವನಿದರ್ಶನವಿರುವಾಗ ಸಭಾಂಗಣಕ್ಕೆ ಹೋಗುವುದು ಸಂವಿಧಾನಕ್ಕೆ ತೋರುವ ಅಗೌರವವೆಂದು ಜಯಪ್ರಕಾಶ ಅಭಿಪ್ರಾಯಪಟ್ಟರು. ಉಳಿದ ಅರವತ್ತು ಕುಟುಂಬಗಳು ಮಾಸ್ಕ್ ಹಾಕಿಕೊಂಡು, ಎರಡೆರಡು ಮೀಟರ್ ಅಂತರ ಬಿಟ್ಟು, ಮತ್ತೆ ಮಹಾಸಭೆ ಸೇರಿದ್ದ ಕೋಕಿಲಾಳ ಮನೆಯ ಕೆಳಗೆ ರಸ್ತೆಯಲ್ಲಿ ಸಾಲಾಗಿ ನಿಂತವು. ನಿಧಿ ಬಾಲ್ಕನಿಗೆ ಬಂದು ಫಲಿತಾಂಶವನ್ನು ಜಪಾನೀ ಭಾಷೆಯಲ್ಲಿ ಘೋಷಿಸಿದಳು. ಇನ್ನೂ ಮೈಸೂರಿಗೆ ಮರಳದ ಸರಸ್ವತಿಗೆ ಈ ಸಲ ಕೋಕಿಲಾಳ ಮತವೂ ಸೇರಿ ನಾಲ್ಕಕ್ಕೆ ನಾಲ್ಕು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಷ್ಟು ಶಿಸ್ತಿನ ಚುನಾವಣೆ ತಮ್ಮ ಏಳು ವರ್ಷಗಳಲ್ಲಿ ಒಮ್ಮೆಯೂ ಆಗಿರಲಿಲ್ಲವೆಂದು ಉಮಾಶಂಕರ್ ಪಕ್ಕದವರಿಗೆ ಹೇಳಿ, ಬಾಲ್ಕನಿಯ ಕಡೆಗೆ ಸೊಂಟ ಬಗ್ಗಿಸಿ ವಂದಿಸಿದರು.