ಕಾಣೋದು ಕಾಲು, ಕಾಣದ್ದು ಮುಕ್ಕಾಲು

ಒಂದು ಕಡೆ ಜರ್ಮನಿಯ ಸಾಹೇಬರು, ಇನ್ನೊಂದು ಕಡೆ ಮಾಗಡಿ, ಕನಕಪುರ, ಚನ್ನಪಟ್ಟಣದ ನಮ್ಮ ಜನ, ಮಧ್ಯೆ ನಾನು. ಹೀಗಿದ್ದ ಮೇಲೆ ದಿನಕ್ಕೊಂದು ಪ್ರಸಂಗ ಆಗದೆ ಇನ್ನೇನಾಗುತ್ತದೆ?

ಎರಡು ಸಾವಿರದ ಇಸವಿ ಕಳೆದ ಹೊಸತು. ರಾಮನಗರದಿಂದ ಚನ್ನಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಅಲ್ಲಿಯವರೆಗೆ ರೇಷ್ಮೆ ಹುಳುವಿಗೆ ಸೊಪ್ಪು ಬೆಳೆಯುತ್ತಿದ್ದ ಹೊಲದಲ್ಲಿ ಒಂದು ದೊಡ್ಡ ಶೆಡ್ಡು ಎದ್ದಿತು. ಕಾರಿನೊಳಗೆ ಹೋಗುವ ವೈರುಗಳನ್ನು ಕಂತೆ ಕಟ್ಟುವ ಕಾರ್ಖಾನೆ. ನನಗೆ ಅಲ್ಲಿ ಸಿಬ್ಬಂದಿ ವಿಭಾಗದಲ್ಲಿ ಕೆಲಸ. ಕೇಳೋಕೆ ದೊಡ್ಡ ಹೆಸರು. ಮಾಡುತ್ತಿದ್ದದ್ದು ಮಾತ್ರ ಸಾಹೇಬರ ಇಂಗ್ಲಿಷನ್ನು ಜನರಿಗೆ ತಲುಪಿಸುವುದು, ಜನರ ಬೈಗುಳವನ್ನು ಸೋಸಿ ಸಾಹೇಬರಿಗೆ ತಲುಪಿಸುವುದು.

ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮನೆಯಲ್ಲಿ ಅಪ್ಪ ಗಡುವು ಕೊಟ್ಟಿದ್ದರು: "ಯುಗಾದಿ ಒಳ್ಗೆ ಕಾಯಂ ಆಗ್ನಿಲ್ಲ ಅಂದ್ರೆ ಸುಮ್ಕೆ ಮದ್ವೆ ಮಾಡ್ಕೊ." ಗಂಡನ್ನೂ ನೋಡಿಟ್ಟಿದ್ದರು. ಬೇರೆ ಯಾರೂ ಅಲ್ಲ, ಚಿಕ್ಕಂದಿನಲ್ಲಿ ನನ್ನ ಮೂಗು ಒರೆಸುತ್ತಿದ್ದ ಸೋದರಮಾವ. ಆದ್ದರಿಂದ ಮುಂದೆ ಹೇಳುವ ಒಂದೊಂದು ಎಡವಟ್ಟಿನಲ್ಲೂ ನೀವು ನಗಬಹುದು, ನನಗೆ ಮಾತ್ರ ಆ ಮೂಗೇ ಜ್ಞಾಪಕಕ್ಕೆ ಬರುತ್ತಿತ್ತು.

ಮಂಜಿನ ಬೆಟ್ಟ

ಸಾಹೇಬರಿಗೆ ನಮ್ಮ ಜನ ಅರ್ಥವಾಗುತ್ತಿರಲಿಲ್ಲ. "ಇವರು ಒಂದು ಹೇಳುತ್ತಾರೆ, ಇನ್ನೊಂದು ಮಾಡುತ್ತಾರೆ, ಮೂರನೆಯದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ" ಎಂದು ಗೋಳಾಡುತ್ತಿದ್ದರು. ಕೊನೆಗೆ ಬೆಂಗಳೂರಿನಿಂದ ಒಬ್ಬ ತರಬೇತಿ ಮೇಡಂ ಬಂದರು.

ಮೇಡಂ ಕ್ಯಾಂಟೀನಿನ ಗೋಡೆಯ ಮೇಲೆ ಒಂದು ಚಿತ್ರ ಬಿಟ್ಟರು. ಸಮುದ್ರದಲ್ಲಿ ತೇಲುವ ಮಂಜುಗಡ್ಡೆಯ ಬೆಟ್ಟ. ನೀರಿನ ಮೇಲೆ ಒಂದಿಷ್ಟು, ಉಳಿದದ್ದೆಲ್ಲ ಒಳಗೆ. "ಸಂಸ್ಕೃತಿ ಅಂದರೆ ಹೀಗೇ. ಉಡುಗೆ, ಊಟ, ಹಬ್ಬ ಮೇಲೆ ಕಾಣುತ್ತೆ. ನಂಬಿಕೆ, ಮಾನ, ಮುನಿಸು ಎಲ್ಲ ಕೆಳಗಿರುತ್ತೆ" ಎಂದರು.

ಮಾಗಡಿ ಕಡೆಯ ಒಬ್ಬ ಆಪರೇಟರ್ ಕೈ ಎತ್ತಿದ. "ನಮ್ ಸಾವನದುರ್ಗ ಅಂಗಿಲ್ಲ ಮೇಡಂ. ಒಂದೇ ಬಂಡೆ, ಇರೋದೆಲ್ಲ ಮ್ಯಾಲೇ ಐತೆ. ಮುಕ್ಕಾಲು ಒಳಗೇ ಇಟ್ಕಂಡ್ರೆ ಹತ್ತಾಕೆ ಯಾರ್ ಬತ್ತರೆ?"

ಮೇಡಂ ಅವನನ್ನು ಬಿಟ್ಟು ಸಾಹೇಬರ ಕಡೆ ತಿರುಗಿದರು. "ಕೆಳಗಿರುವುದು ನಿಧಾನಕ್ಕೆ ಸಿಗುತ್ತೆ ಸರ್. ಅಲ್ಲಿಯವರೆಗೆ ಕಣ್ಣಿಗೆ ಕಾಣುವುದನ್ನು ನೋಡಿ, ನೀವೂ ಹಾಗೇ ಮಾಡಿ" ಎಂದು ಬುದ್ಧಿ ಹೇಳಿದರು. ಸಾಹೇಬರು ಅದನ್ನು ಗುರುವಾಕ್ಯ ಅಂತ ತೆಗೆದುಕೊಂಡರು. ಮುಂದಿನದ್ದಕ್ಕೆಲ್ಲ ಈ ಒಂದು ಮಾತೇ ಕಾರಣ.

ಆಮೇಲೆ ಮೇಡಂ ಜನರನ್ನು ಕೇಳಿದರು. "ಈಗ ಒಬ್ಬೊಬ್ಬರಾಗಿ ಹೇಳಿ, ನಿಮ್ಮೊಳಗೆ ಅಡಗಿರೋದು ಏನು?"

ಹಿಂದಿನಿಂದ ಅಕ್ಕೂರಿನ ದೊಡ್ಡವ್ವ, ನಮ್ಮ ಕ್ಯಾಂಟೀನಿನಲ್ಲಿ ಮುದ್ದೆ ತೊಳಸುವಾಕೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಂದಳು: "ಇಷ್ಟ್ ಜನದ್ ಮುಂದೆ ಹೇಳಂಗಿದ್ರೆ ಯಾಕವ್ವಾ ಬಚ್ಚಿಡ್ತಿದ್ದೊ?"

ಗೋಡೆ ಕರೆದ ಊಟ

ಕಾರ್ಖಾನೆಗೆ ವರ್ಷ ತುಂಬಿತು. ಸಾಹೇಬರು ಎಲ್ಲರಿಗೂ ಬಾಡೂಟ ಹಾಕಿಸಲು ಹೊರಟರು. ಗೋಡೆಗೆ ನೋಟೀಸು ಅಂಟಿಸಿದರು: ಭಾನುವಾರ ಮಧ್ಯಾಹ್ನ ಊಟ, ಎಲ್ಲರಿಗೂ ಸ್ವಾಗತ. ಎಲ್ಲರೂ ಓದಿದರು, ತಲೆಯಾಡಿಸಿದರು, ಮನೆಗೆ ಹೋದರು.

ಭಾನುವಾರ ಊಟಕ್ಕೆ ಇದ್ದವರು ಸಾಹೇಬರು, ನಾನು, ಗೇಟಿನ ಕಾವಲುಗಾರ. ಆತನೂ "ನಾ ಡ್ಯೂಟೀಲಿವ್ನಿ, ಊಟಕ್ ಬಂದೋನಲ್ಲ" ಅಂತ ಹೇಳುತ್ತಲೇ ಮತ್ತೆ ಮತ್ತೆ ಬಡಿಸಿಕೊಂಡ. ಸಾಹೇಬರು ಒಂದು ಹಂಡೆ ಸಾರಿನ ಮುಂದೆ ಮುಖ ಬಾಡಿಸಿಕೊಂಡು ಕೂತಿದ್ದನ್ನು ನೋಡಲಾರದೆ ನಾನೂ ಇನ್ನೊಂದು ಸಲ ಬಡಿಸಿಕೊಂಡೆ.

ಸೋಮವಾರ ಮಾಗಡಿ ಆಪರೇಟರನ್ನು ಹಿಡಿದೆ. "ಯಾಕ್ರೀ ಯಾರೂ ಬರಲಿಲ್ಲ?"

"ಯಾರ್ ಕರುದ್ರು?"

"ನೋಟೀಸ್ ಹಾಕಿದ್ವಲ್ಲ!"

"ಗೋಡೆ ಕರುದ್ರೆ ಓಗಾಕಾಯ್ತದಾ ಮೇಡಂ? ನಮ್ಗೂ ಒಸಿ ಮಾನ ಮರ್ವಾದೆ ಐತೆ."

ದೊಡ್ಡವ್ವ ಬಿಡಿಸಿ ಹೇಳಿದಳು. ಮನೆ ಬಾಗಿಲಿಗೆ ಬರಬೇಕು, ಕುಂಕುಮ ಕೊಡಬೇಕು, ಮನೆಮಂದಿಯೆಲ್ಲ ಬನ್ನಿ ಅನ್ನಬೇಕು. ಅದು ಕರೆಯೋದು. "ಕರೀದಲೆ ಓಗೋದು ಒಂದೇ ಕಡೀಕೆ ಕಣವ್ವಾ, ಸಾವಿಗೆ."

ನಾನು ಇದನ್ನೆಲ್ಲ ಸಾಹೇಬರಿಗೆ ಹೇಳಿದೆ. ಅವರು ತಲೆದೂಗಿ, ಅದೇ ಗೋಡೆಗೆ ಮರುದಿನ ಶಿಫ್ಟಿನ ಸಮಯ ಬದಲಾಗಿದೆ ಎಂಬ ನೋಟೀಸು ಅಂಟಿಸಿದರು. ಅರ್ಧ ಜನ ಹಳೇ ಸಮಯಕ್ಕೇ ಬಂದರು. ಕೇಳಿದರೆ, "ಅದ್ನೂವೆ ಗೋಡೆ ತಾನೆ ಯೋಳಿದ್ದು?"

ಅತ್ತೆ ಜಾತಿ ಮಿಷಿನ್ನು

ಆಯುಧಪೂಜೆ ಬಂತು. ಕಣ್ಣಿಗೆ ಕಾಣುವುದನ್ನು ನೋಡಿ ಮಾಡುವ ವ್ರತ ಹಿಡಿದಿದ್ದ ಸಾಹೇಬರು ಚನ್ನಪಟ್ಟಣದ ಬೀದಿಯಲ್ಲಿ ಲಾರಿ, ಆಟೋ, ಗೊಂಬೆ ಕಡೆಯುವ ಲೇತು ಎಲ್ಲಕ್ಕೂ ಕುಂಕುಮ ಹಚ್ಚಿದ್ದನ್ನು ನೋಡಿಬಂದರು. ಪಂಚೆ ಉಟ್ಟು, ಅದರ ಮೇಲೆ ಬೆಲ್ಟು ಬಿಗಿದು, ತಾವೇ ಬಟ್ಟಲು ಹಿಡಿದು ಹೊರಟರು. ವೈರು ಪರೀಕ್ಷೆ ಮಾಡುವ ದೊಡ್ಡ ಮಿಷಿನ್ನಿಗೆ ಒಂದು ಗಾಜಿನ ಕಣ್ಣಿತ್ತು. ಕಪ್ಪಗೆ, ದುಂಡಗೆ, ಬೊಟ್ಟಿಡಲು ಹೇಳಿ ಮಾಡಿಸಿದ ಹಾಗೆ. ಸಾಹೇಬರು ಅಲ್ಲಿಗೇ ಕುಂಕುಮ ಒತ್ತಿದರು.

ಹಬ್ಬ ಕಳೆದು ಸ್ವಿಚ್ಚು ಹಾಕಿದರೆ ಮಿಷಿನ್ನು ಕೊಟ್ಟದ್ದನ್ನೆಲ್ಲ ಕೆಟ್ಟದ್ದು ಅಂತ ಆಚೆಗೆ ತಳ್ಳತೊಡಗಿತು. ಒಳ್ಳೆ ವೈರೂ ಕೆಟ್ಟದ್ದೇ. ಸಾಹೇಬರು ಜರ್ಮನಿಗೆ ಫೋನು ಮಾಡಿ ಒಂದು ಗಂಟೆ ಅರಚಿದರು. ಮಾಗಡಿ ಆಪರೇಟರ್ ಬಂದು ಬೆರಳಿಗೆ ಉಗುಳು ಹಚ್ಚಿಕೊಂಡು ಗಾಜು ಒರೆಸಿದ. ಮಿಷಿನ್ನು ಸರಿಹೋಯಿತು.

"ಓದ್ ವರ್ಸ ಪೂಜೆ ಮಾಡ್ನಿಲ್ಲ ಅಂತ ಕೆಟ್ಟಿತ್ತು" ಎಂದ ಅವನು. "ಈ ವರ್ಸ ಮಾಡಿದ್ದುಕ್ ಕೆಟ್ಟೈತೆ. ಅತ್ತೆ ಜಾತಿ ಮಿಷಿನ್ನು ಸಾ ಇದು."

ಎಡೆ

ಯುಗಾದಿ ಹತ್ತಿರ ಬಂತು. ಜರ್ಮನಿಯಿಂದ ಕಂಪನಿಯ ಹಿರಿಯ ಯಜಮಾನರೇ ಬರುವವರು ಎಂದು ಸುದ್ದಿ ಬಂತು. ಅವರಿಗೆ ಹಿಡಿಸಿದರೆ ಎರಡನೇ ಶೆಡ್ಡು, ಕೆಲಸ ಕಾಯಂ. ಹಿಡಿಸದಿದ್ದರೆ ನನಗೆ ಸೋದರಮಾವ. ಒಂದು ಷರತ್ತಿತ್ತು: ಅವರು ಬರುವುದನ್ನು ಯಾರಿಗೂ ಹೇಳಕೂಡದು, ಎಲ್ಲವೂ ಇದ್ದ ಹಾಗೇ ಇರಬೇಕು.

ಸಾಹೇಬರು ಮತ್ತೆ ಭಾನುವಾರದ ಬಾಡೂಟ ಗೊತ್ತು ಮಾಡಿದರು. ಮನೆ ಮನೆಗೆ ಹೋಗೋಣ ಎಂದೆ. ಮೂರು ತಾಲ್ಲೂಕು ಸುತ್ತಲು ಪುರುಸೊತ್ತಿಲ್ಲ ಎಂದು ಮತ್ತದೇ ಗೋಡೆಗೆ ಅದೇ ನೋಟೀಸು. ಖಾಲಿ ಕುರ್ಚಿಗಳ ಮುಂದೆ ಯಜಮಾನರು ನಿಂತಂತೆ ಕನಸು ಬೀಳತೊಡಗಿತು. ಆ ವಾರವೆಲ್ಲ ಕಾರು, ಹೋಟೆಲ್ಲು ಅಂತ ಬೆಂಗಳೂರಿಗೆ ಅಲೆದೆ. ಕಾರ್ಖಾನೆಯ ಕಡೆ ಕಾಲಿಡಲೂ ಆಗಲಿಲ್ಲ.

ಭಾನುವಾರ ಬಂದು ನೋಡುತ್ತೇನೆ, ಗೇಟಿನಲ್ಲಿ ಜಾತ್ರೆ! ಹೆಂಡಿರು, ಮಕ್ಕಳು, ಕನಕಪುರದಿಂದ ಟೆಂಪೋ ಮಾಡಿಕೊಂಡು ಬಂದ ಮುದುಕರು. ಸಂತೋಷಕ್ಕೆ ಕಣ್ಣು ತುಂಬಿತು. ಆದರೆ ಯಾರೂ ನಗುತ್ತಿರಲಿಲ್ಲ. ಕಾವಲುಗಾರ ಮೆಲ್ಲಗೆ ಹತ್ತಿರ ಬಂದು, "ದೊಡ್ ಯಜಮಾನ್ರಿಗೆ ವಯಸ್ಸೆಷ್ಟಾಗಿತ್ತು ಮೇಡಂ?" ಅಂದ.

"ಎಂಬತ್ತರ ಹತ್ತಿರ."

"ಬುಡಿ, ತುಂಬಿದ್ ಬದ್ಕು" ಎಂದು ನಿಟ್ಟುಸಿರು ಬಿಟ್ಟ.

ಒಳಗೆ ಓಡಿದೆ. ಹೊಂಗೆ ಮರದ ಕೆಳಗೆ ಕುರ್ಚಿ, ಕುರ್ಚಿಯ ಮೇಲೆ ಜನ ಕ್ಯಾಂಟೀನಿನಿಂದ ತಂದಿಟ್ಟ ಯಜಮಾನರ ಫೋಟೊ, ಫೋಟೊಗೆ ಗಂಧದ ಹಾರ, ಮುಂದೆ ದೀಪ. ನಾನಿಲ್ಲದ ವಾರದಲ್ಲಿ ಸಾಹೇಬರು ಊರೆಲ್ಲ ಸುತ್ತಿ, ಅಂಗಡಿ ಅಂಗಡಿಯಲ್ಲೂ ದೊಡ್ಡವರ ಫೋಟೊಗೆ ಹಾರ ಹಾಕಿದ್ದನ್ನು ಕಂಡಿದ್ದರು. ಕಂಡ ಹಾಗೇ ಯಜಮಾನರ ಫೋಟೊಗೂ ಹಾರ ಹಾಕಿ, ಕೆಳಗೆ ಹೆಸರು ಬರೆಸಿ ಕ್ಯಾಂಟೀನಿನಲ್ಲಿ ತೂಗುಹಾಕಿದ್ದರು. ಹಾರ ಬಿದ್ದ ಫೋಟೊ, ಪಕ್ಕದಲ್ಲಿ ಊಟದ ನೋಟೀಸು. ಇನ್ನೇನು ಬೇಕು? ಬದುಕಿದವರ ಊಟಕ್ಕೆ ಬಾರದವರು ತಿಥಿಗೆ ಒಬ್ಬರೂ ತಪ್ಪಿಸಿಕೊಳ್ಳದೆ ಬಂದಿದ್ದರು.

ಅಷ್ಟೇ ಅಲ್ಲ. ದೊಡ್ಡವ್ವ ಸತ್ತವರಿಗೆ ಎಡೆ ಇಡಬೇಕೆಂದು, ಯಜಮಾನರಿಗೆ ಏನು ಇಷ್ಟ ಅಂತ ಆಪರೇಟರ್ ಕೈಲಿ ಹರಕು ಇಂಗ್ಲಿಷಿನಲ್ಲಿ ಸಾಹೇಬರನ್ನು ಕೇಳಿಸಿದ್ದಳು. ಬರುವ ಸುದ್ದಿ ಹೇಗೋ ಸೋರಿದೆ, ಅತಿಥಿ ಸತ್ಕಾರಕ್ಕೆ ಕೇಳುತ್ತಿದ್ದಾರೆ ಅಂದುಕೊಂಡು ಸಾಹೇಬರು ಖುಷಿಯಿಂದ ಹೇಳಿಬಿಟ್ಟಿದ್ದರು. ಅದೇ ಪ್ರಕಾರ ಫೋಟೊ ಮುಂದೆ ಬಾಳೆ ಎಲೆ, ಎಲೆಯಲ್ಲಿ ಬೇಯಿಸಿದ ಆಲೂಗಡ್ಡೆ, ಒಂದು ಲೋಟ ಬಿಯರು, ಒಂದು ಚುಟ್ಟ.

ಎಡೆಯನ್ನು ಕಾಗೆ ಮುಟ್ಟುವವರೆಗೆ ಯಾರೂ ಉಣ್ಣುವಂತಿಲ್ಲ. ಹೈವೇ ಅಗಲ ಮಾಡಲು ಸಾಲುಮರ ಕಡಿದ ಮೇಲೆ ಕಾಗೆಗಳು ಆ ಕಡೆ ಬರುವುದನ್ನೇ ಬಿಟ್ಟಿದ್ದವು. ಮುದ್ದೆ ಆರುತ್ತಿತ್ತು, ಮಕ್ಕಳು ಅಳುತ್ತಿದ್ದವು. ದೊಡ್ಡವ್ವ ಆಕಾಶ ನೋಡಿಕೊಂಡು, "ಏನೋ ಆಸೆ ಉಳ್ಸ್ಕಂಡವ್ನೆ ಪುಣ್ಯಾತ್ಮ, ಅದ್ಕೇ ಮುಟ್ತಿಲ್ಲ" ಅಂದಳು. ಎಲ್ಲರೂ ಫೋಟೊಗೆ ಕೈ ಮುಗಿದು, ಎರಡನೇ ಶೆಡ್ಡು ನಾವೇ ಕಟ್ಟಿಸ್ತೀವಿ, ಚಿಂತೆ ಬಿಡಪ್ಪಾ ಎಂದು ಭರವಸೆ ಕೊಟ್ಟರು.

ನಾನು ಬಾಯಿ ತೆರೆಯುವಷ್ಟರಲ್ಲಿ ಗೇಟಿನೊಳಗೆ ಕಾರು ಬಂದು ನಿಂತಿತು. ಯಜಮಾನರು ಇಳಿದರು, ಹಿಂದೆಯೇ ಸಾಹೇಬರು. ಜನ ಸದ್ದಿಲ್ಲದೆ ಎರಡೂ ಕಡೆ ಸರಿದು ದಾರಿ ಬಿಟ್ಟರು. ಒಬ್ಬ ಮುದುಕಿ ಕುಸಿದು ಕೂತಳು. ಯಜಮಾನರು ನೇರ ಮರದ ಕಡೆ ನಡೆದರು. ತಮ್ಮ ಫೋಟೊ ಕಂಡರು, ಹಾರ ಕಂಡರು, ಆಲೂಗಡ್ಡೆ ಕಂಡರು. ವಿಮಾನದಲ್ಲಿ ಏನೂ ತಿಂದಿರಲಿಲ್ಲವೋ ಏನೋ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತಮ್ಮ ಎಡೆಯನ್ನು ತಾವೇ ಉಣ್ಣತೊಡಗಿದರು.

ಹಿಂದಿನಿಂದ ದೊಡ್ಡವ್ವನ ದನಿ ಕೇಳಿತು. "ಎಂಥಾ ಪುಣ್ಯವಂತ್ರ ಎಡೆಗೂ ಕಾಗೆ ತಾನೆ ಬರೋದು ಕಣ್ರಪ್ಪಾ. ಇವ್ರು ಖುದ್ದು ಬಂದ್ಬುಟ್ರು!"

ಯಜಮಾನರು ಬಿಯರಿನ ಲೋಟ ಇಳಿಸಿ, ಆಕೆ ಏನಂದರು ಎಂದು ನನ್ನನ್ನು ಕೇಳಿದರು. ಸೋಸಿ ಹೇಳುವುದೇ ನನ್ನ ಕಸುಬು, ಆದರೆ ಆವತ್ತು ಒಂದು ಸುಳ್ಳೂ ಹೊಳೆಯಲಿಲ್ಲ. ಫೋಟೊ, ಹಾರ, ತಿಥಿ, ಕಾಗೆ, ಎಲ್ಲವನ್ನೂ ಇದ್ದಂತೆ ಹೇಳಿದೆ. ಹೇಳುತ್ತ ಹೇಳುತ್ತ ಮನಸ್ಸಿನಲ್ಲೇ ಸೋದರಮಾವನಿಗೆ ಹಾರ ಹಾಕಿಬಿಟ್ಟೆ.

ಯಜಮಾನರು ಸುತ್ತಲೂ ನೋಡಿದರು. "ಇಷ್ಟು ಜನ, ಕರೆಯದೆ, ನನ್ನ ಸಾವಿಗೆ ಬಂದರೇ? ನನ್ನೂರಿನಲ್ಲಿ ನನ್ನ ಮಕ್ಕಳಾದರೂ ಬರುತ್ತಾರೋ ಇಲ್ಲವೋ" ಎಂದವರೇ ಆಲೂಗಡ್ಡೆ ನೆತ್ತಿಗೇರುವಷ್ಟು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ದೊಡ್ಡವ್ವ ಬೆನ್ನು ತಟ್ಟಿ ನೀರು ಕುಡಿಸಿ, "ಸತ್ ಸುದ್ದಿ ಸುಳ್ಳಾದ್ರೆ ಆಯಸ್ಸು ಜಾಸ್ತಿ ಕಣಪ್ಪಾ. ಆದ್ರೆ ಒಂದ್ಸಲ ಎಡೆ ಇಕ್ಕುದ್ ಮ್ಯಾಲೆ ವರ್ಸ ವರ್ಸ ಇಕ್ಕಬೇಕು, ತಪ್ಪುಸ್ಬಾರ್ದು" ಅಂದಳು. ಅದನ್ನೂ ಹೇಳಿದೆ.

ಎರಡನೇ ಶೆಡ್ಡು ಎದ್ದಿತು. ನನ್ನ ಕೆಲಸ ಕಾಯಂ ಆಯಿತು. ಸೋದರಮಾವ ಬೇರೆ ಹುಡುಗಿಯನ್ನು ಮದುವೆಯಾದ. ಮನೆಗೆ ಬಂದು ಕುಂಕುಮ ಕೊಟ್ಟೇ ಕರೆದ, ಹೋಗಿ ಚೆನ್ನಾಗಿ ಉಂಡು ಬಂದೆ.

ಮುಂದಿನ ಯುಗಾದಿ ಹತ್ತಿರವಾದಾಗ ಜರ್ಮನಿಯಿಂದ ಫೋನು ಬಂತು. ಯಜಮಾನರೇ ಮಾತಾಡಿದ್ದು. ಗಂಟಲು ಗಟ್ಟಿಮುಟ್ಟಾಗಿತ್ತು.

"ನನ್ನ ತಿಥಿ ಈ ವರ್ಷ ಯಾವತ್ತು? ಟಿಕೆಟ್ ತೆಗೆಸಬೇಕಿತ್ತು."